ಝಳಕಿ ಕ್ರಾಸಿನಿಂದ ಆರು ವರ್ಷದ ದಾರಿ

ಝಳಕಿ ಕ್ರಾಸಿನಲ್ಲಿ ಇಳಿದವರಿಗೆ ನಾಲ್ಕು ದಾರಿ. ಉತ್ತರಕ್ಕೆ ಧೂಳಖೇಡ, ಭೀಮಾ ಹೊಳೆ, ಹೊಳೆ ದಾಟಿದರೆ ಸೊಲ್ಲಾಪುರ. ದಕ್ಷಿಣಕ್ಕೆ ಹೊರ್ತಿ, ವಿಜಯಪುರ. ಪೂರ್ವಕ್ಕೆ ಇಂಡಿ, ಪಶ್ಚಿಮಕ್ಕೆ ಚಡಚಣ. ಹೆದ್ದಾರಿಗೆ ಈಗ 52 ಅಂತ ನಂಬರ್, ನಮ್ಮ ಕಾಕಾ ಮಾತ್ರ ಇನ್ನೂ ‘ಹದಿಮೂರು’ ಅಂತಲೇ ಕರೆಯುತ್ತಾರೆ.

ಮೇ ತಿಂಗಳಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಲ್ಲಿ ಇಳಿದಾಗ ಕಾಕಾನ ಮಗಳು ಸ್ಕೂಟಿ ತಗೊಂಡು ನಿಂತಿದ್ದಳು. ಪಿಯುಸಿ ಸೈನ್ಸ್ ಮುಗಿದಿತ್ತು, ಸಿಇಟಿ ಬರೆದಿದ್ದಳು. ನನ್ನ ಬ್ಯಾಗ್ ಕಾಲಬುಡಕ್ಕೆ ಇಟ್ಟುಕೊಳ್ಳುತ್ತಲೇ ಕೇಳಿದಳು: “ಅಕ್ಕಾ, ಫಾರ್ಮ್ ಡಿ ಮಾಡ್ಲೇನು? ಮಾಡಿದ್ರ ಎಲ್ಲಿ ಮಾಡ್ಲಿ?”

ನನ್ನನ್ನೇ ಕೇಳಿದ್ದು ಸಹಜ. ನಾನೂ ಅದನ್ನೇ ಓದಿದವಳು. ಆದರೆ ನಾನು ಕಾಲೇಜು ಆರಿಸಿದ್ದು ಕಟ್ಟಡ ನೋಡಿ. ಗಾಜಿನ ಮುಂಭಾಗ, ಎಸಿ ಸೆಮಿನಾರ್ ಹಾಲ್, ಬ್ರೋಷರಿನಲ್ಲಿ ನಗುತ್ತಿರುವ ಬಿಳಿ ಕೋಟುಗಳು. ಆಸ್ಪತ್ರೆ ಎಲ್ಲಿದೆ ಅಂತ ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಅದು ಒಂದೂವರೆ ತಾಸಿನ ದಾರಿಯಲ್ಲಿತ್ತು. ನಾವು ಮುಟ್ಟುವಷ್ಟರಲ್ಲಿ ಡಾಕ್ಟರರ ರೌಂಡ್ಸ್ ಮುಗಿದಿರುತ್ತಿತ್ತು. ಕೇಸ್ ಶೀಟ್ ನಕಲು ಮಾಡಿಕೊಂಡು ವಾಪಸ್ ಬರುತ್ತಿದ್ದೆವು. ಆರು ವರ್ಷದಲ್ಲಿ ನಾನು ಪಕ್ಕದಲ್ಲಿ ಕೂತು ಮಾತಾಡಿಸಿದ ರೋಗಿಗಳು ಬೆರಳೆಣಿಕೆಯಷ್ಟು. ಈಗ ಯಾವುದೋ ದೇಶದ ರೋಗಿಗೆ ಯಾವುದೋ ಗುಳಿಗೆಯಿಂದ ಆದ ಅಡ್ಡಪರಿಣಾಮದ ವರದಿಯನ್ನು ಬೆಂಗಳೂರಿನ ಆಫೀಸಿನಲ್ಲಿ ಕೂತು ಓದುತ್ತೇನೆ. ಕೆಲಸ ಕೆಟ್ಟದ್ದಲ್ಲ, ಇಎಂಐ ನಡೆಯುತ್ತದೆ. ಆದರೆ ನಾನು ಹೊರಟಿದ್ದು ಅಲ್ಲಿಗಲ್ಲ.

ಮನೆ ಮುಟ್ಟಿದಾಗ ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಎರಡೂ ಪಾದ ಬಾತಿದ್ದವು. “ವಯಸ್ಸಾತಲ್ಲ, ಬಾವು ಬರೋದs” ಅಂದಳು. ಅಭ್ಯಾಸಬಲ, ಗುಳಿಗೆ ಚೀಲ ತರಿಸಿ ಹಾಸಿಗೆ ಮೇಲೆ ಸುರಿದೆ. ನಮ್ಮ ಗಡಿ ಊರುಗಳ ಚೀಲ ಹೀಗೇ ಇರುತ್ತದೆ: ಅರ್ಧ ಸೊಲ್ಲಾಪುರದ್ದು, ಅರ್ಧ ವಿಜಯಪುರದ್ದು. ಬಿಪಿಗೆ ಅಂತ ಸೊಲ್ಲಾಪುರದಲ್ಲಿ ಬರೆದ ಗುಳಿಗೆ ಒಂದು, ವಿಜಯಪುರದಲ್ಲಿ ಬರೆದದ್ದು ಇನ್ನೊಂದು. ಬ್ರ್ಯಾಂಡ್ ಬೇರೆ, ಪಟ್ಟಿಯ ಬಣ್ಣ ಬೇರೆ. ಸಣ್ಣ ಅಕ್ಷರ ಓದಿದರೆ ಎರಡೂ ಅಮ್ಲೋಡಿಪಿನ್. ಆಯಿ ನಾಲ್ಕು ತಿಂಗಳಿಂದ ಒಂದೇ ಔಷಧಿಯನ್ನು ಎರಡು ಪಟ್ಟು ನುಂಗುತ್ತಿದ್ದಳು. ಪಾದ ಬಾಯುವುದು ಆ ಔಷಧಿಯ ಗೊತ್ತಿರುವ ಅಡ್ಡಪರಿಣಾಮ, ಡೋಸ್ ಹೆಚ್ಚಿದಷ್ಟೂ ಹೆಚ್ಚು.

ಡಾಕ್ಟರಿಬ್ಬರದೂ ತಪ್ಪಲ್ಲ. ಒಬ್ಬರ ಚೀಟಿ ಇನ್ನೊಬ್ಬರಿಗೆ ಯಾರೂ ತೋರಿಸಿರಲಿಲ್ಲ. ಮರುದಿನ ಚೀಲವನ್ನೇ ಹೊತ್ತು ವಿಜಯಪುರದ ಡಾಕ್ಟರರ ಹತ್ತಿರ ಹೋದೆವು. ಅವರು ನೋಡಿ, ಒಂದನ್ನು ನಿಲ್ಲಿಸಿದರು.

ತಂಗಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. “ಫಾರ್ಮ್ ಡಿ ಅಂದ್ರ ಇದೇನು?” ಅಂದಳು. ಇದೇ.

ರಾತ್ರಿ ಕಾಕಾನ ಪ್ರಶ್ನೆ ಬಂತು. “ಕಡೀಕ ಆಕಿ ಡಾಕ್ಟರ್ ಆಗ್ತಾಳೋ ಇಲ್ಲೋ, ಅದನ್ನ ಹೇಳು.” ಕಾಕಾಗೆ ನಿಂಬೆ ತೋಟ ಇದೆ. 2023ರಲ್ಲಿ ಇಂಡಿ ನಿಂಬೆಗೆ ಜಿಐ ಟ್ಯಾಗ್ ಸಿಕ್ಕಿತು, ಆದರೆ ರೇಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆರು ವರ್ಷದ ಫೀಸು ಆ ಗಿಡಗಳಿಂದಲೇ ಬರಬೇಕು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಗುಳಿಗಿ ಬರೆಯೋ ಡಾಕ್ಟರ್ ಅಲ್ಲ ಕಾಕಾ. ಬರೆದದ್ದು ಸರಿ ಐತೋ ಇಲ್ಲೋ ನೋಡೋಕಿ. ಸರ್ಕಾರಿ ನೌಕರಿ ಅಪರೂಪ. ಶುರುವಿನ ಪಗಾರ ಕಡಿಮಿ.” ಕಾಕಾ ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡರು.

ನಿಯಮ ಹೇಳಿಬಿಡುತ್ತೇನೆ, ನಿಮ್ಮ ಮನೆಯಲ್ಲೂ ಯಾರಾದರೂ ಕೇಳಬಹುದು. ನಮ್ಮ ದೇಶಕ್ಕೆ ಈ ಕೋರ್ಸ್ ಬಂದದ್ದು 2008ರಲ್ಲಿ, ಭಾರತೀಯ ಫಾರ್ಮಸಿ ಕೌನ್ಸಿಲ್ ಮೂಲಕ. 5 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಬಿ.ಫಾರ್ಮ್ ಮುಗಿಸಿದವರಿಗೆ 3 ವರ್ಷದ ಇನ್ನೊಂದು ದಾರಿ ಇದೆ. ಕಾಲೇಜಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ಜೋಡಣೆ ಇರಲೇಬೇಕು. 2, 3, 4ನೇ ವರ್ಷ ತಲಾ 50 ತಾಸಾದರೂ ಆಸ್ಪತ್ರೆಯಲ್ಲಿ. ಐದನೇ ವರ್ಷ ದಿನಾ ಬೆಳಿಗ್ಗೆ ಅರ್ಧ ದಿನ ವಾರ್ಡ್ ರೌಂಡ್ಸ್. ಇಂಟರ್ನ್‌ಶಿಪ್ಪಿನಲ್ಲಿ 6 ತಿಂಗಳು ಜನರಲ್ ಮೆಡಿಸಿನ್, ಉಳಿದದ್ದು ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಕಾಗದದಲ್ಲಿ ಎಲ್ಲರದೂ ಇಷ್ಟೇ. ವ್ಯತ್ಯಾಸ ಇರುವುದು ಬೆಳಿಗ್ಗೆ ಒಂಬತ್ತಕ್ಕೆ ಆ ಮಕ್ಕಳು ಎಲ್ಲಿ ನಿಂತಿರುತ್ತಾರೆ ಅನ್ನುವುದರಲ್ಲಿ.

ತಂಗಿಯ ನೋಟ್‌ಬುಕ್ಕಿನಲ್ಲಿ ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಹಾನಗಲ್ ಕುಮಾರೇಶ್ವರ, ಕಲಬುರಗಿಯ ಎಚ್‌ಕೆಇ ಸಂಸ್ಥೆಯದು, ಬೆಳಗಾವಿಯ ಕೆಎಲ್‌ಇ, ಮೈಸೂರಿನ ಜೆಎಸ್‌ಎಸ್ ಇದ್ದವು. ಇವಲ್ಲದೆ ಬೆಂಗಳೂರಿನ ನಾಲ್ಕೈದು ಹೆಸರು, ಎಲ್ಲ ಇನ್‌ಸ್ಟಾಗ್ರಾಂ ಜಾಹೀರಾತಿನಿಂದ ಬರೆದುಕೊಂಡವು. ಎಲ್ಲವನ್ನೂ ನೋಡುವಷ್ಟು ರಜೆ ನನಗಿರಲಿಲ್ಲ. ಎರಡು ಕಡೆ ಮಾತ್ರ ಹೋದೆವು. ಹೆಸರು ಬೇಡ.

ಮೊದಲನೆಯ ಕಡೆ ನೇರವಾಗಿ ಕಾಲೇಜಿಗೆ ಹೋಗದೆ ಆಸ್ಪತ್ರೆ ಕ್ಯಾಂಟೀನಿನಲ್ಲಿ ಕೂತೆವು. ಪಕ್ಕದ ಟೇಬಲ್ಲಿನ ಫಾರ್ಮ್ ಡಿ ಹುಡುಗರನ್ನು ತಂಗಿಯೇ ಕೇಳಿದಳು, “ರೌಂಡ್ಸಿಗೆ ಹೋಗ್ತೀರೇನ್ರಿ?” ಒಬ್ಬ ನಕ್ಕ. “ಇನ್‌ಸ್ಪೆಕ್ಷನ್ ಇದ್ದಾಗ.”

ಎರಡನೆಯ ಕಡೆ ಕಟ್ಟಡ ಹಳೆಯದು, ಗೋಡೆ ಬಣ್ಣ ಕಂಡು ವರ್ಷಗಳಾಗಿತ್ತು. ಆದರೆ ಮೆಡಿಸಿನ್ ವಾರ್ಡಿನ ಬಾಗಿಲಲ್ಲಿ ಒಬ್ಬ ಹುಡುಗಿ ಮುದುಕನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಇನ್ಹೇಲರ್ ಹಿಡಿಯುವುದು ಹೇಗೆ ಅಂತ ಮೂರನೇ ಸಲ ತೋರಿಸುತ್ತಿದ್ದಳು. ಮುದುಕ ಮೂರನೇ ಸಲವೂ ತಪ್ಪಾಗಿಯೇ ಎಳೆದ. ಆಕೆ ನಾಲ್ಕನೇ ಸಲ ಶುರು ಮಾಡಿದಳು. ತಂಗಿ ಅಲ್ಲಿಂದ ಕದಲಲೇ ಇಲ್ಲ. ನಾನು ಮಾತಾಡಿಸಿದ ಇಂಟರ್ನ್ ಒಬ್ಬ ಸ್ಟೈಪೆಂಡ್ ಎಷ್ಟು, ಹಾಸ್ಟೆಲ್ ಊಟ ಹೇಗೆ, ಯಾವ ಡಾಕ್ಟರ್ ಇವರ ಮಾತು ಕೇಳುತ್ತಾರೆ, ಯಾರು ಕೇಳುವುದಿಲ್ಲ ಅಂತ ಬಿಚ್ಚಿ ಹೇಳಿದ. ಆ ಕೊನೆಯ ಉತ್ತರಕ್ಕಾಗಿಯೇ ಅಷ್ಟು ದೂರ ಹೋದದ್ದು ಸಾರ್ಥಕ. ಫಾರ್ಮ್ ಡಿಗೆ ಮಾನ್ಯತೆ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಯಾರ ಬಾಯಿಂದಲೂ ಕೇಳಬೇಡಿ. ಕೌನ್ಸಿಲ್ ವೆಬ್‌ಸೈಟಿನಲ್ಲಿ ನೀವೇ ನೋಡಿ. ಬಿ.ಫಾರ್ಮಿಗೆ ಇದ್ದ ಮಾತ್ರಕ್ಕೆ ಇದಕ್ಕೂ ಇದೆ ಅಂತ ಅಲ್ಲ.

ವಾಪಸ್ ಬರುವಾಗ ಕ್ರಾಸಿನಲ್ಲಿ ಕತ್ತಲಾಗಿತ್ತು. ಚಹಾ ಕುಡಿಯುತ್ತ ತಂಗಿ ಅಂದಳು, “ಬೆಂಗಳೂರಿಗೆ ಬಂದ್ರ ನಿನ್ನ ಜೋಡಿ ಇರಬಹುದಿತ್ತಲ್ಲ.” ಆ ಆಸೆ ನನಗೂ ಇತ್ತು. ಹೇಳಲಿಲ್ಲ.

ಆಪ್ಷನ್ ಎಂಟ್ರಿ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಬಣ್ಣ ಹೋದ ಗೋಡೆಯ ಕಾಲೇಜನ್ನು ಮೊದಲು ಹಾಕಿದ್ದಳು, ಬೆಂಗಳೂರಿನ ಹೆಸರುಗಳನ್ನು ಕೆಳಗೆ ತಳ್ಳಿದ್ದಳು. ಕಾಕಾಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲವಂತೆ. ಆಯಿಯ ಪಾದದ ಬಾವು ಇಳಿದಿದೆಯಂತೆ. ಹಿಂದಿನಿಂದ ಆಯಿ ಕೂಗುವುದು ಕೇಳಿಸಿತು: ಪಕ್ಕದ ಮನೆಯಾಕಿ ತನ್ನ ಗುಳಿಗೆ ಚೀಲ ಹಿಡಿದು ಬೆಳಿಗ್ಗೆ ಬರುತ್ತಾಳಂತೆ, ವಿಡಿಯೊ ಕಾಲ್ ಮಾಡಬೇಕಂತೆ.