ಅಪರೂಪದ ಕಾಯಿಲೆ ಅಂದ್ರೆ ಯಾರ ಕಾಯಿಲೆ?

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತಿದ್ದಾಗ ಓದಿ.

ಮಗುವಿನ ಇಂಜೆಕ್ಷನ್‌ಗೆ ಕೋಟಿಗಟ್ಟಲೆ ದುಡ್ಡು ಬೇಕು ಅನ್ನೋ ಪೋಸ್ಟ್‌ಗಳನ್ನು ನೀವೂ ಶೇರ್ ಮಾಡಿರ್ತೀರಿ, ನಾನೂ ಮಾಡಿದೀನಿ. ಆ ಮದ್ದು ಮಾಡೋರು ಯಾರು, ಅವರು ಯಾವ ಕಾಯಿಲೆಗೆ ಮದ್ದು ಹುಡುಕ್ತಾರೆ, ಯಾವುದಕ್ಕೆ ಹುಡುಕಲ್ಲ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡ್ತಿತ್ತು. ಅದಕ್ಕೆ ಕಾರಣ ನಮ್ಮ ಮಲೆನಾಡಿನ ಒಂದು ಕಾಯಿಲೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಜಪಾನಿನ ಕಥೆ.

ಒಸಾಕಾ ನಗರದಲ್ಲಿ ದೋಶೋಮಾಚಿ ಅಂತ ಔಷಧಿ ವ್ಯಾಪಾರಿಗಳ ಹಳೇ ಬೀದಿ ಇದೆ. 1781ರಲ್ಲಿ ಅಲ್ಲಿ ಶುರುವಾದ ಒಂದು ಸಣ್ಣ ವ್ಯಾಪಾರವೇ ಇವತ್ತಿನ ಟಕೇಡಾ ಕಂಪನಿ. 2019ರ ಜನವರಿಯಲ್ಲಿ ಅದು ಶೈರ್ ಅನ್ನೋ ಕಂಪನಿಯನ್ನು ಸುಮಾರು 4,600 ಕೋಟಿ ಪೌಂಡ್ ಕೊಟ್ಟು ಕೊಂಡುಕೊಂಡಿತು. ಶೈರ್‌ನ ನಿಜವಾದ ಆಸ್ತಿ ಅಪರೂಪದ ಕಾಯಿಲೆಗಳ ಮದ್ದುಗಳು. ಉದಾಹರಣೆಗೆ ಗೋಶೆ ಕಾಯಿಲೆ. ದೇಹದಲ್ಲಿ ಒಂದು ಕಿಣ್ವ ಸರಿಯಾಗಿ ಇರಲ್ಲ, ಒಂದು ಬಗೆಯ ಕೊಬ್ಬು ಗುಲ್ಮ, ಯಕೃತ್ತು, ಮೂಳೆಗಳಲ್ಲಿ ಸೇರ್ಕೊಳ್ಳುತ್ತೆ. ಹೊಟ್ಟೆ ಊದುತ್ತೆ, ಮೂಳೆ ನೋಯುತ್ತೆ. ಆ ಕಿಣ್ವವನ್ನು ಹೊರಗೆ ತಯಾರಿಸಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕು. ಅದೂ ಜೀವನಪೂರ್ತಿ.

ರೋಗಿಗಳು ಕಡಿಮೆ, ಲಾಭ ಬರಲ್ಲ ಅಂತ ಕಂಪನಿಗಳು ಇಂಥ ಕಾಯಿಲೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಸರ್ಕಾರಗಳು ರಿಯಾಯಿತಿ ಕೊಡೋಕೆ ಮುಂದೆ ಬಂದವು. ಅಮೆರಿಕ 1983ರಲ್ಲಿ ಕಾನೂನು ಮಾಡಿತು. ಜಪಾನ್ 1993ರಲ್ಲಿ, ದೇಶದಲ್ಲಿ 50,000ಕ್ಕಿಂತ ಕಡಿಮೆ ರೋಗಿಗಳಿರುವ ಕಾಯಿಲೆಯ ಮದ್ದಿಗೆ ವಿಶೇಷ ನೆರವಿನ ವ್ಯವಸ್ಥೆ ತಂತು. ಇಂಥ ಮದ್ದುಗಳಿಗೆ 'ಅನಾಥ ಔಷಧಿ' ಅಂತಾನೇ ಹೆಸರು.

ಆದರೆ ಜಪಾನಿನಲ್ಲಿ ಇದರ ಬೇರು ಅದಕ್ಕೂ ಹಿಂದೆ ಹೋಗುತ್ತೆ. 1960ರ ದಶಕದಲ್ಲಿ ಅಲ್ಲಿ ಸಾವಿರಾರು ಜನಕ್ಕೆ ಕಾಲು ಮರಗಟ್ಟೋಕೆ ಶುರುವಾಯ್ತು. ಹಲವರು ನಡೆಯಲಾಗದೆ ಕೂತರು, ಕೆಲವರ ಕಣ್ಣೇ ಹೋಯ್ತು. ಸ್ಮಾನ್ ಅಂತ ಹೆಸರಿಟ್ಟರು. ಇದು ಅಂಟುರೋಗ ಅನ್ನೋ ಮಾತು ಹಬ್ಬಿ ರೋಗಿಗಳನ್ನೂ ಅವರ ಮನೆಯವರನ್ನೂ ಜನ ದೂರ ಇಟ್ಟರು. ತಾವಾಗೇ ಜೀವ ಕಳ್ಕೊಂಡವರೂ ಇದ್ದಾರೆ. ಮುಟ್ಟಬಾರದವರು ಅನ್ನಿಸಿಕೊಂಡ ನೋವನ್ನು ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ, ಅಲ್ವಾ?

ರೋಗಿಗಳ ನಾಲಿಗೆ, ಮೂತ್ರ ಹಸಿರಾಗಿದ್ದು ಒಂದು ಸುಳಿವು ಕೊಟ್ಟಿತು. 1970ರಲ್ಲಿ ನಿಗಾಟ ವಿಶ್ವವಿದ್ಯಾಲಯದ ತದಾವೊ ತ್ಸುಬಾಕಿ, ಕಾರಣ ಕಿನೋಫಾರ್ಮ್ ಅನ್ನೋ ಹೊಟ್ಟೆಕೆಟ್ಟಾಗ ತಗೊಳ್ಳೋ ಮದ್ದು ಅಂದರು. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದರ ಮಾರಾಟ ನಿಲ್ಲಿಸಿತು. ಅಷ್ಟರಲ್ಲಿ 10,000ಕ್ಕೂ ಹೆಚ್ಚು ಜನ ಬಲಿಪಶುಗಳಾಗಿದ್ದರು. ಅವರು ಮೂಲೆ ಹಿಡಿದು ಕೂರಲಿಲ್ಲ. 1969ರಲ್ಲೇ ರಾಷ್ಟ್ರಮಟ್ಟದ ಸಂಘ ಕಟ್ಟಿದ್ದರು. ಆಮೇಲೆ ಕೋರ್ಟಿಗೆ ಹೋದರು. 1978ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಸರ್ಕಾರವನ್ನೂ ಕಂಪನಿಗಳನ್ನೂ ಹೊಣೆ ಮಾಡಿತು. ಆ ಕಂಪನಿಗಳು: ಸಿಬಾ-ಗೈಗಿಯ ಜಪಾನ್ ಶಾಖೆ, ತನಾಬೆ, ಮತ್ತು ಟಕೇಡಾ.

ಹೌದು, ಅದೇ ಟಕೇಡಾ.

ಈ ಹೋರಾಟದ ಬಿಸಿಗೇ 1972ರಲ್ಲಿ ಜಪಾನ್ ಸರ್ಕಾರ 'ನಾನ್ಬ್ಯೋ' ಅಂದ್ರೆ ವಾಸಿಯಾಗದ ಕಷ್ಟದ ಕಾಯಿಲೆಗಳ ನೀತಿ ಮಾಡಿತು. ಮೊದಲು ಚಿಕಿತ್ಸೆ ಖರ್ಚು ಸಿಕ್ಕಿದ್ದು ನಾಲ್ಕೇ ಕಾಯಿಲೆಗೆ, ಅದರಲ್ಲಿ ಸ್ಮಾನ್ ಒಂದು. 2015ರಿಂದ ಅದಕ್ಕೆ ಕಾನೂನಿನ ಬಲವೇ ಬಂತು. ಈಗ ಆ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ಕಾಯಿಲೆಗಳಿವೆ. ಅಪರೂಪದ ಕಾಯಿಲೆಯವರ ಮೇಲೆ ಯಾರಿಗೋ ಕರುಣೆ ಬಂದು ಈ ಪಟ್ಟಿ ಹುಟ್ಟಲಿಲ್ಲ. ಕೋಲೂರಿ ನಡೆಯೋರು, ಕಣ್ಣು ಕಾಣದೋರು ಒಟ್ಟಾಗಿ ನಿಂತು ಕೇಳಿದ್ದಕ್ಕೆ ಹುಟ್ಟಿತು.

ಈಗ ನಮ್ಮ ಕಡೆ ಬನ್ನಿ. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿ ಒಂದು ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟ, ಮಂಡಿಯ ಕೀಲು ಸವೆದು, ಕೆಲವರ ಬೆಳವಣಿಗೆ ನಿಂತು, ಕಡೆಗೆ ತೆವಳೋ ಸ್ಥಿತಿ. ಬಂದಿದ್ದು ಹೆಚ್ಚಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳಿಗೆ. ಗದ್ದೆಯಲ್ಲಿ ಕೂಲಿ ಮಾಡೋ ನಮ್ಮ ಜನ. ಮೊದಮೊದಲು ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದಿದ್ದಕ್ಕೆ ಹೀಗಾಗಿರಬಹುದು ಅಂದ್ರು. ಆಮೇಲೆ ವಂಶವಾಹಿಯಲ್ಲಿ ಬರೋ ಮೂಳೆ ಕಾಯಿಲೆ ಅಂದ್ರು. ಅದನ್ನು ವಾಸಿ ಮಾಡೋ ಮದ್ದು ಇವತ್ತಿಗೂ ಇಲ್ಲ.

ಸಂಘಟನೆ ಕೆಲಸಕ್ಕೆ ಆ ಕಡೆಯ ಕೇರಿಗಳಿಗೆ ಹೋದಾಗ ಒಬ್ಬ ಅಜ್ಜಿ ಜಗಲಿ ಮೇಲೆ ಅಂಗೈ ಊರಿ ಸರಿದು ನನಗೆ ಜಾಗ ಬಿಟ್ಟರು. "ನೀವೂ ರಕ್ತ ತಗೊಳ್ಳಕ್ಕೆ ಬಂದ್ರಾ?" ಅಂತ ಕೇಳಿದರು. ಬಂದವರೆಲ್ಲ ರಕ್ತ ತಗೊಂಡಿದ್ದರು, ಫೋಟೋ ತೆಗೆದಿದ್ದರು. ಏನು ಗೊತ್ತಾಯ್ತು ಅಂತ ವಾಪಸ್ ಬಂದು ಅವರಿಗೆ ಅರ್ಥವಾಗೋ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ.

ವಂಶವಾಹಿ ಕಾಯಿಲೆ ಎರಡು ಜಾತಿಗಳ ಒಳಗೇ ಯಾಕೆ ಸುತ್ತುತ್ತೆ? ಜಾತಿಯ ಜೀವಾಳವೇ ಒಳಮದುವೆ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಪ್ರಬಂಧ ಓದಿದ್ದರು. ಆ ಗೋಡೆ ಕಟ್ಟಿದ್ದು ನಮ್ಮ ಜನ ಅಲ್ಲ. ಗೋಡೆಯ ಒಳಗೆ ಸಿಕ್ಕಿದ ಕಾಯಿಲೆ ಮಾತ್ರ ನಮ್ಮ ಜನರ ಮೂಳೆಯಲ್ಲಿದೆ.

ನಮ್ಮ ದೇಶದಲ್ಲೂ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. 2022ರಲ್ಲಿ ಒಬ್ಬ ರೋಗಿಗೆ ಕೊಡೋ ನೆರವನ್ನು 50 ಲಕ್ಷದವರೆಗೆ ಏರಿಸಿದರು. ಜೀವನಪೂರ್ತಿ ಬೇಕಾದ ಕಿಣ್ವಕ್ಕೆ ಆ ದುಡ್ಡು ಬೇಗ ಮುಗಿದುಹೋಗುತ್ತೆ, ಆ ತಂದೆತಾಯಿಗಳ ಸಿಟ್ಟು ನ್ಯಾಯವಾದದ್ದು. ಆದರೆ ನೆರವು ಕೇಳೋಕೂ ಒಂದು ಮದ್ದು ಇರಬೇಕಲ್ಲ? ಮದ್ದು ಹುಡುಕೋರೇ ಇಲ್ಲದ ಕಾಯಿಲೆಯವರು ಯಾವ ಕೌಂಟರ್ ಮುಂದೆ ನಿಲ್ಲಬೇಕು?

ಟಕೇಡಾ ಒಳ್ಳೇದೋ ಕೆಟ್ಟದ್ದೋ ಅಂತ ತೀರ್ಪು ಕೊಡೋಕೆ ಇದನ್ನು ಬರೀತಿಲ್ಲ. ಒಂದೇ ಕಂಪನಿ ಒಂದು ಕಾಲಕ್ಕೆ ರೋಗ ತಂದ ಮದ್ದು ಮಾರಿತು, ಇನ್ನೊಂದು ಕಾಲಕ್ಕೆ ಜೀವ ಉಳಿಸೋ ಮದ್ದು ಮಾರುತ್ತೆ. ಎರಡೂ ವ್ಯಾಪಾರವೇ. ಅದರ ನಡುವೆ ಸರ್ಕಾರದ ಕೈ ಹಿಡಿದು ಬಗ್ಗಿಸಿದ್ದು ಸಂಘಟಿತ ರೋಗಿಗಳು. ನಾವು ಕಲೀಬೇಕಾದ್ದು ಅವರಿಂದ.

ನಾವು ಕೇಳಬೇಕಾದ್ದು ಇಷ್ಟು: ಹಂದಿಗೋಡು ಕಾಯಿಲೆಯ ಪ್ರತಿ ಕುಟುಂಬದ ದಾಖಲೆ ಆಗಬೇಕು. ಇದುವರೆಗಿನ ಸಂಶೋಧನೆ ಏನು ಹೇಳುತ್ತೆ ಅನ್ನೋದನ್ನು ಕೇರಿಗೆ ಬಂದು ಕನ್ನಡದಲ್ಲಿ ಹೇಳಬೇಕು. ಬದುಕೋಕೆ ಸಾಕಾಗೋ ಮಾಸಾಶನ, ಆಸ್ಪತ್ರೆಗೆ ಹೋಗಿಬರೋ ಖರ್ಚು, ಸರ್ಕಾರಿ ಹಣದಲ್ಲಿ ಮುಂದಿನ ಸಂಶೋಧನೆ. ಮುಂದೆ ಯಾರಾದರೂ ರಕ್ತ ಕೇಳಿದರೆ, ಅದರಿಂದ ಬರೋ ಮದ್ದಿನಲ್ಲಿ ಈ ಜನಕ್ಕೆ ಹಕ್ಕು ಇರುತ್ತೆ ಅಂತ ಮೊದಲು ಬರೆದುಕೊಡಬೇಕು.

ಸಾಗರ, ಸೊರಬ, ಶಿವಮೊಗ್ಗ ಕಡೆಯ ಗೆಳೆಯರು ಇದ್ದರೆ ನನಗೆ ಬರೀರಿ. ಕೂತು ಮಾತಾಡೋಣ.

ಜೈ ಭೀಮ್.