ಪೇರಳೆ ಮರದ ಫೋನು

ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೊಬೈಲ್ ತರುವಂತಿಲ್ಲ. ನನ್ನ ಮೊಬೈಲ್ ಮಾತ್ರ ಪಾಠದ ಹೊತ್ತಿನಲ್ಲೂ ಮೇಜಿನ ಮೇಲೆ ಡಸ್ಟರಿನ ಪಕ್ಕದಲ್ಲೇ ಇರುತ್ತದೆ. "ನಮಗೊಂದು ರೂಲ್ಸ್, ನಿಮಗೊಂದಾ ಮೇಡಂ?" ಎಂದು ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಕೇಳಿದಳು. ಕೇಳಿದ್ದು ಸರಿಯೇ. ಪ್ರಾಂಶುಪಾಲರ ಅನುಮತಿ ಇದೆ ಎಂದಷ್ಟೇ ಹೇಳಿ ಆ ದಿನ ಪಾಠ ಮುಂದುವರಿಸಿದೆ. ಉಳಿದ ಉತ್ತರ ಇಲ್ಲಿದೆ.

ನನ್ನ ಗಂಡನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ ಡಯಾಲಿಸಿಸ್. ವಿಸರ್ಜನೆಯ ಅಧ್ಯಾಯವನ್ನು ನಾನು ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದವಳು. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು, ನಿಮಿಷಕ್ಕೆ 125 ಮಿಲಿಲೀಟರ್ ಸೋಸುವಿಕೆ, ದಿನಕ್ಕೆ 180 ಲೀಟರ್, ಅದರಲ್ಲಿ ಒಂದೂವರೆ ಲೀಟರಿನಷ್ಟು ಬಿಟ್ಟು ಉಳಿದದ್ದೆಲ್ಲ ಮರಳಿ ರಕ್ತಕ್ಕೆ. ನೀವೂ ಇದನ್ನು ಬಾಯಿಪಾಠ ಮಾಡಿದ್ದೀರಿ. ಯಂತ್ರದಲ್ಲಿ ನಿಮಿಷಕ್ಕೆ 500 ಮಿಲಿಲೀಟರಿನಂತೆ ದ್ರಾವಣ ಹರಿಯುತ್ತದೆ, 4 ಗಂಟೆಗೆ 120 ಲೀಟರ್. ಲೆಕ್ಕ ಹೇಳಿದಾಗ ಇವರು, "ನಮ್ಮ ಕೊಡಪಾನದಲ್ಲಿ ಹತ್ತು ಕೊಡ. ಬಾವಿಯಿಂದ ಸೇದಿದರೆ ಸೊಂಟ ಹೋದೀತು" ಎಂದರು. ಮುಷ್ಟಿಗಾತ್ರದ ಆ ಅಂಗ ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿರಲಿಲ್ಲ.

ಕಿಡ್ನಿ ಕೊಡಲು ನಾನು ಸಿದ್ಧಳಿದ್ದೆ. ಇವರದು ಓ ಗುಂಪಿನ ರಕ್ತ, ನನ್ನದು ಬಿ. ಓ ಎಲ್ಲರಿಗೂ ಕೊಡಬಹುದು, ತೆಗೆದುಕೊಳ್ಳುವುದು ಮಾತ್ರ ಓ ಇಂದಲೇ. ಇದೂ ನಿಮ್ಮ ಪುಸ್ತಕದಲ್ಲೇ ಇದೆ. ನಮ್ಮ ಮಾಮಿಯದು ಓ, ಆದರೆ ಅವರಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಆಸ್ಪತ್ರೆಯ ಮೂಲಕ ರಾಜ್ಯ ಸರ್ಕಾರದ 'ಜೀವಸಾರ್ಥಕತೆ'ಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿದ್ದೇವೆ. ಕರೆ ಯಾವ ಹೊತ್ತಿಗೂ ಬರಬಹುದು. ಬಂದರೆ ತಡ ಮಾಡುವಂತಿಲ್ಲ.

ನಮ್ಮ ಮನೆ ಇರುವುದು ಅಡಿಕೆ ತೋಟದ ನಡುವಿನ ತಗ್ಗಿನಲ್ಲಿ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಂಗಳದ ಮೂಲೆಯ ಪೇರಳೆ ಮರದ ಒಂದು ಕೊಂಬೆಯಲ್ಲಿ ಮಾತ್ರ ಎರಡು ಕಡ್ಡಿ ಬರುತ್ತದೆ. ಇವರ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಲ್ಲೇ ನೇತುಹಾಕಿದ್ದೇವೆ. ಮಳೆಗಾಲದಲ್ಲಿ ಚೀಲ ಎರಡು. ಚಾರ್ಜ್ ಮಾಡಲು ಒಳಗೆ ತಂದಾಗ ನನ್ನ ಫೋನು ಮರ ಹತ್ತುತ್ತದೆ. ಆಸ್ಪತ್ರೆಯವರು ಇನ್ನೂ ಒಂದೆರಡು ನಂಬರ್ ಕೊಡಿ ಎಂದಾಗ ಪಕ್ಕದ ಮನೆಯ ಅಕ್ಕನದು ಮತ್ತು ರಿಕ್ಷಾದ ಅಣ್ಣನದು ಕೊಟ್ಟೆವು. ಆ ಅಕ್ಕ ಅಂದಿನಿಂದ ಮದುವೆ ಮನೆಗೆ ಹೋದರೂ ಫೋನು ಕೈಯಲ್ಲೇ ಹಿಡಿದಿರುತ್ತಾರಂತೆ. ರಿಕ್ಷಾದ ಅಣ್ಣ ರಾತ್ರಿ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇಟ್ಟು ಮಲಗುವುದಿಲ್ಲ. ಇಬ್ಬರೂ ಇದನ್ನು ನನ್ನ ಬಳಿ ಹೇಳಿದವರಲ್ಲ, ಬೇರೆಯವರಿಂದ ತಿಳಿದದ್ದು.

"ಎಲ್ಲ ಒಳ್ಳೆಯದಕ್ಕೇ, ಶುಕ್ರ್ ಹೇಳಿ" ಎಂದು ಮನೆಗೆ ಬಂದವರು ಉಪದೇಶ ಮಾಡಿದಾಗ ನನಗೆ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಬಾಯಾರಿಕೆಯಿಂದ ತುಟಿ ಒಡೆದ ಮನುಷ್ಯನ ಎದುರು ಕುಳಿತು, ದೊಡ್ಡ ಲೋಟದಲ್ಲಿ ಶರಬತ್ತು ಕುಡಿಯುತ್ತಾ ಆ ಮಾತು ಹೇಳಬಾರದು. ಇವರಿಗೆ ದಿನಕ್ಕೆ ಒಂದು ಬಾಟಲಿ ನೀರು, ಅಷ್ಟೇ. ಚಹಾ, ಮಾತ್ರೆ ನುಂಗುವ ನೀರು, ಸಾರು ಎಲ್ಲವೂ ಅದರ ಲೆಕ್ಕಕ್ಕೆ. ಏಳನೇ ತರಗತಿಯ ಮಗಳು ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದಾಳೆ: ಅಸರ್ ಬಾಂಗ್ ಆಗುವಾಗ ನೀರು ಈ ಗೆರೆಗಿಂತ ಕೆಳಗಿಳಿದಿರಬಾರದು. ಹುಟ್ಟಿದಾರಭ್ಯ ಕುಚ್ಚಲಕ್ಕಿ ಗಂಜಿ ಉಂಡವರು ಈಗ ತಿಳಿ ಬಸಿದ ಅನ್ನ ಉಣ್ಣುತ್ತಾರೆ. ತರಕಾರಿಯನ್ನು ಹೆಚ್ಚಿ, ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿದ ಮೇಲೆಯೇ ಅಡುಗೆ; ಪೊಟ್ಯಾಸಿಯಂ ಇಳಿಯಬೇಕಲ್ಲ. ಬಾಳೆಹಣ್ಣು ಬೇಡ, ಬಸಳೆ ಬೇಡ, ಧಾರೆಹುಳಿಯಂತೂ ವಿಷವೇ. ಕಾಯಿಲೆಯ ಸುದ್ದಿ ತಿಳಿದ ವಾರ ಊರವರು ಪ್ರೀತಿಯಿಂದ ತಂದಿಟ್ಟ ಎಳನೀರಿನ ಗೊನೆಗಳು ಜಗಲಿ ತುಂಬಿದ್ದವು. ಒಂದು ಗುಟುಕೂ ಕುಡಿಯುವಂತಿರಲಿಲ್ಲ. ಇವರೇ ಕುಳಿತು ಶಾಲೆಯಿಂದ ಬರುವ ಮಕ್ಕಳನ್ನು ಕರೆಕರೆದು ಕೊಟ್ಟರು.

ಆದರೂ ಶುಕ್ರ್ ಬರುತ್ತದೆ, ಯಾರೂ ಹೇಳಿಕೊಡದೆ ಬರುತ್ತದೆ. ಇವರ ಎಡಗೈಯಲ್ಲಿ ಧಮನಿ ಮತ್ತು ಸಿರೆಯನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ರಕ್ತ ರಭಸದಿಂದ ಹರಿಯುವಾಗ ಅಲ್ಲಿ ಬೆರಳಿಟ್ಟರೆ ಝುಮ್ಮೆನ್ನುತ್ತದೆ. ಆ ಝುಮ್ಮು ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು, ಹಾಗಾಗಿ ದಿನಾ ಮುಟ್ಟಿ ನೋಡಬೇಕು. ರಾತ್ರಿ ಮಲಗುವ ಮೊದಲು ಅದು ಮಗಳ ಕೆಲಸ. ಕಣ್ಣು ಮುಚ್ಚಿ ಬೆರಳಿಟ್ಟು, "ಬೆಕ್ಕು ಗುರುಗುಡ್ತಾ ಇದೆ ಉಪ್ಪಾ" ಎನ್ನುತ್ತಾಳೆ. ಅಲ್ಲಿಗೆ ನಮ್ಮ ದಿನ ಮುಗಿಯಿತು.

ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಕೃಷಿಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಣ ಅಡಿಕೆ ಹೆಕ್ಕಿ ಬೇರೆ ಮಾಡುವುದು, ಹಟ್ಟಿಯ ಲೆಕ್ಕ ಬರೆಯುವುದು, ಇಷ್ಟೇ ಈಗ ಇವರ ಪಾಲಿಗೆ. ಕಳೆದ ಮಳೆಗಾಲದಲ್ಲಿ ಮದ್ದು ಬಿಡುವ ಹೊತ್ತಿಗೆ ನನಗೆ ದಿಗಿಲಾಗಿತ್ತು. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು 40 ದಿನ ಬಿಟ್ಟು ಮತ್ತೊಮ್ಮೆ ಬಿಡಲೇಬೇಕು. ಮಳೆ ಹೊಳವಾಗುವ ಒಂದೆರಡು ದಿನದಲ್ಲಿ ಎಲ್ಲರಿಗೂ ಮರ ಹತ್ತುವವರೇ ಬೇಕು. ಹೊಳವಾದ ಮೊದಲ ದಿನವೇ ಬೆಳಿಗ್ಗೆ ಮದ್ದು ಬಿಡುವವರು ನಮ್ಮ ಅಂಗಳದಲ್ಲಿ ನಿಂತಿದ್ದರು. ಅವರನ್ನು ಅಂದಿಗೆ ಹೇಳಿಟ್ಟಿದ್ದದ್ದು ಪಕ್ಕದ ಮನೆಯ ಅಣ್ಣ. "ನಿಮಗೆ ಫೋನು ಬಂದರೆ ನಾಳೆ ಮನೆಯಲ್ಲಿ ಯಾರಿರ್ತೀರಿ? ನಮ್ಮದು ಆಮೇಲೆ ಆಗ್ತದೆ" ಎಂದು ಅವರೇ ಸುಣ್ಣ ಕಲಸಲು ಕುಳಿತರು. ಆ ವರ್ಷ ಅವರ ತೋಟದ ಕೆಳಗಿನ ಸಾಲಿನಲ್ಲಿ ಕೊಳೆ ಬಂತು. ಆ ಬಗ್ಗೆ ಅವರೂ ಮಾತೆತ್ತಲಿಲ್ಲ. ಎತ್ತಲು ನಮಗೆ ಬಾಯಿ ಬರಲಿಲ್ಲ.

ಡಯಾಲಿಸಿಸ್ ದಿನಗಳಲ್ಲಿ ನನ್ನ ಮೊದಲ ಪೀರಿಯಡ್ ತೆಗೆದುಕೊಳ್ಳುವ ಸಹೋದ್ಯೋಗಿಗಳ ಬಗ್ಗೆ ಹೆಚ್ಚು ಬರೆದರೆ ಅವರೇ ಬೈದಾರು. ಬಿಡುತ್ತೇನೆ.

ಒಂದು ವಿಷಯ ಮಾತ್ರ ನನಗಿನ್ನೂ ಬಗೆಹರಿದಿಲ್ಲ. ನಾವು ಕಾಯುತ್ತಿರುವುದು ಏನನ್ನು? 1994ರ ಕಾಯ್ದೆ ಮೆದುಳಿನ ಸಾವನ್ನು ಸಾವೆಂದು ಒಪ್ಪುತ್ತದೆ. ಹಾಗೆ ತೀರಿಕೊಂಡವರ ಮನೆಯವರು ಒಪ್ಪಿದರೆ ನಮ್ಮ ಫೋನು ಬಡಿಯಬಹುದು. ಅಂದರೆ ಪೇರಳೆ ಮರದ ಆ ಫೋನಿನಲ್ಲಿ ನಮ್ಮ ಮನೆಗೆ ಸಂತೋಷ ಬರುವ ರಾತ್ರಿ ಇನ್ನೊಂದು ಮನೆಯಲ್ಲಿ ಅಳು ಇರುತ್ತದೆ. ಬೇಗ ಕರೆ ಬರಲಿ ಎಂದು ಕೈ ಎತ್ತಿದಾಗಲೆಲ್ಲ ನನ್ನ ನಾಲಿಗೆ ಅಲ್ಲಿಗೇ ನಿಲ್ಲುತ್ತದೆ.

ಮಾಮಿಗೆ ಇದನ್ನು ಹೇಳಿದೆ. ಅವರು ಶಾಲೆಗೆ ಹೋದವರಲ್ಲ. ಅಂದಿನಿಂದ ಮಗ್ರಿಬ್ ನಮಾಝ್ ಮುಗಿಸಿ ದುಆ ಮಾಡುವಾಗ ಗೊತ್ತಿಲ್ಲದ ಆ ಮನೆಯವರನ್ನೂ ಸೇರಿಸಿಕೊಳ್ಳುತ್ತಾರೆ. ಆ ಮಗ ಈಗ ಎಲ್ಲೋ ಬೈಕಿನಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುತ್ತಿರಬಹುದು, ಕ್ಷೇಮವಾಗಿ ತಲುಪಲಿ, ಅವನ ಉಮ್ಮನ ಮುಂದೆ ನೂರು ವರ್ಷ ಬಾಳಲಿ ಎನ್ನುತ್ತಾರೆ. "ಹಾಗಾದರೆ ನನ್ನ ಗತಿ ಏನು ಉಮ್ಮಾ?" ಎಂದು ಇವರು ಜಗಲಿಯಿಂದ ನಗುತ್ತಾ ಕೇಳುತ್ತಾರೆ. ಮಾಮಿ ಉತ್ತರ ಕೊಡುವುದಿಲ್ಲ. ತಸ್ಬೀಹಿನ ಮಣಿ ಒಂದೊಂದಾಗಿ ಸರಿಯುತ್ತಿರುತ್ತದೆ.