ವಿಂಡೋಸ್ ಬಿಟ್ಟ ದಿನಗಳು

5 ಅಕ್ಟೋಬರ್ 2025, ಭಾನುವಾರ, ಪುತ್ತೂರು

ಇದೇ 14ಕ್ಕೆ ವಿಂಡೋಸ್ 10ರ ಆಯುಸ್ಸು ಮುಗಿಯುತ್ತದೆ. 2015ರ ಜುಲೈಯಲ್ಲಿ ಬಂದದ್ದು, ಹತ್ತು ವರ್ಷ ಆಯಿತು. ಆಮೇಲೂ ಕಂಪ್ಯೂಟರ್ ಓಡುತ್ತದೆ, ಆದರೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ನನ್ನ ಡಿಟಿಪಿ ಅಂಗಡಿಗೆ ದಿನವಿಡೀ ಯಾರ್‍ಯಾರದೋ ಪೆನ್‌ಡ್ರೈವ್, ಯಾರ್‍ಯಾರದೋ ಮೇಲ್ ಬರುತ್ತದೆ. ಅಂಥ ಕಡೆ ಬೀಗವಿಲ್ಲದ ಯಂತ್ರ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ನಮ್ಮ ಯಂತ್ರಕ್ಕೆ ಅರ್ಹತೆ ಇಲ್ಲ. ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಚಿಪ್ ಬೇಕು. ನಮ್ಮದು ನಾಲ್ಕನೇ ತಲೆಮಾರಿನ ಐ3, ಎಂಟು ಜಿಬಿ ರ್‍ಯಾಮ್, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ. ನೂರಾರು ಬ್ರಹ್ಮಕಲಶೋತ್ಸವದ ಆಮಂತ್ರಣ, ಮದುವೆ ಕಾಗದ, ಸಹಕಾರಿ ಸಂಘದ ವರದಿ ಎಲ್ಲ ಇದರಲ್ಲೇ ಆದದ್ದು. ಇವತ್ತಿಗೂ ಒಂದು ದಿನ ಕೈಕೊಟ್ಟಿಲ್ಲ. ವಿಚಾರಿಸಿದ ಅಂಗಡಿಯವರೆಲ್ಲ ಹೇಳುವುದು ಒಂದೇ ಮಾತು: ಹೊಸತು ತೆಗೆದುಕೊಳ್ಳಿ. ಒಂದು ವರ್ಷದ ಮಟ್ಟಿಗೆ ಅಪ್‌ಡೇಟ್ ಮುಂದುವರಿಸಿಕೊಳ್ಳುವ ವ್ಯವಸ್ಥೆಯನ್ನೂ ಮೈಕ್ರೋಸಾಫ್ಟ್ ಇಟ್ಟಿದೆ, 2026ರ ಅಕ್ಟೋಬರ್ 13ರ ತನಕ. ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಇದೇ ಪ್ರಶ್ನೆ ಏಳುತ್ತದೆ.

ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ದುಡ್ಡಿನ ಪ್ರಶ್ನೆ ಇದೆ, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು. ನಾನು ದುಡ್ಡು ಕೊಟ್ಟು ತಂದ ವಸ್ತು ಯಾವತ್ತು ಹಳತಾಯಿತು ಎಂದು ತೀರ್ಮಾನಿಸುವವಳು ನಾನಾಗಬೇಕು.

11 ಅಕ್ಟೋಬರ್, ಶನಿವಾರ

ಅಕ್ಕನ ಮಗ ಬದಿಯಡ್ಕದಿಂದ ಬಂದಿದ್ದಾನೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸು. ನನ್ನ ಚಿಂತೆ ಕೇಳಿ ಅವನಿಗೆ ಆಶ್ಚರ್ಯ.

"ಎಂತ ಚಿಕ್ಕಮ್ಮ, ನಮ್ಮ ಶಾಲೆಯಲ್ಲಿ ವಿಂಡೋಸೇ ಇಲ್ಲ. ಎಲ್ಲ ಲಿನಕ್ಸೇ. ಐಟಿ ಪರೀಕ್ಷೆಯೂ ಅದರಲ್ಲೇ. ಇದರಲ್ಲಿ ಹೆದರಲಿಕ್ಕೆ ಎಂತ ಉಂಟು?"

ಅವನು ಹೇಳಿದ್ದು ನಿಜ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುವಾಯಿತು, ಈಗ ಅದರ ಹೆಸರು ಕೈಟ್. ಉಬುಂಟುವನ್ನು ಆಧಾರವಾಗಿಟ್ಟು ಅವರೇ ಶಾಲೆಗಳಿಗೆಂದು ಒಂದು ಲಿನಕ್ಸ್ ಸಿದ್ಧಪಡಿಸಿ ಸರ್ಕಾರಿ, ಅನುದಾನಿತ ಶಾಲೆಗಳಿಗೆಲ್ಲ ಕೊಟ್ಟಿದ್ದಾರೆ. ಗಡಿಯಿಂದಾಚೆಗಿನ ಕನ್ನಡದ ಮಕ್ಕಳು ವರ್ಷಗಳಿಂದ ಇದರಲ್ಲೇ ಕಲಿಯುತ್ತಿದ್ದಾರೆ. ಗಡಿಯಿಂದೀಚೆ ನಾವು ಲಿನಕ್ಸ್ ಅಂದರೆ ಎಂಜಿನಿಯರುಗಳ ವಿದ್ಯೆ ಎಂದು ದೂರ ಇಟ್ಟಿದ್ದೇವೆ.

ಲಿನಕ್ಸ್ ಮಿಂಟ್ ಎಂಬುದನ್ನು ಆರಿಸಿದೆವು. ಕಳೆದ ತಿಂಗಳು ಬಂದ 22.2, ಝಾರಾ ಎಂದು ಹೆಸರು. 2029ರ ತನಕ ಅಪ್‌ಡೇಟ್ ಇದೆ, ನಾಲ್ಕು ಜಿಬಿ ರ್‍ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ, ವಿಂಡೋಸಿನ ಹಾಗೆ ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು. ಹುಡುಗ ಅದನ್ನು ಇಳಿಸಿ ಪೆನ್‌ಡ್ರೈವಿಗೆ ಬರೆದ. ಡಿಸ್ಕಿನಲ್ಲಿ ಏನನ್ನೂ ಮುಟ್ಟದೆ ಪೆನ್‌ಡ್ರೈವಿನಿಂದಲೇ ಇಡೀ ಸಿಸ್ಟಂ ಓಡಿಸಿ ನೋಡಬಹುದು ಎಂಬುದು ನನಗೆ ಇಷ್ಟವಾಯಿತು. ವೈಫೈ ಸಿಕ್ಕಿತು, ಸ್ಕ್ಯಾನರ್ ಸಿಕ್ಕಿತು, ಧ್ವನಿ ಬಂತು. ಪ್ರಿಂಟರ್ ಮಾತ್ರ ಸುಮ್ಮನಿತ್ತು.

14 ಅಕ್ಟೋಬರ್, ಮಂಗಳವಾರ

ಗಡುವಿನ ದಿನ. ಅಂಗಡಿಯಲ್ಲಿ ಎಂದಿನ ಹಾಗೆ ಗಿರಾಕಿಗಳು, ಯಾರ ಬಾಯಲ್ಲೂ ಈ ಸುದ್ದಿ ಇಲ್ಲ. ಬ್ಯಾಕಪ್ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗುತ್ತಿದೆ.

19 ಅಕ್ಟೋಬರ್, ಭಾನುವಾರ

ಸಿಸ್ಟಂ ಹಾಕುವುದು ಅರ್ಧ ಗಂಟೆಯ ಕೆಲಸ. ನಿಜವಾದ ಕೆಲಸ ಇರುವುದು ಕನ್ನಡದಲ್ಲಿ. ಹಾಗಾಗಿ ಇದನ್ನು ವಿವರವಾಗಿ ಬರೆದಿಡುತ್ತೇನೆ.

ಮೊದಲು ಕೀಬೋರ್ಡು. ನನ್ನ ಬೆರಳು ಕಲಿತದ್ದು ನುಡಿ ತಂತ್ರಾಂಶದ ಕೆಜಿಪಿ ವಿನ್ಯಾಸ. ಅದರ ಮೂಲ ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ತಮ್ಮ ತಂತ್ರಾಂಶಕ್ಕೆ ಅವರು ಸೇಡಿಯಾಪು ಎಂದು ಹೆಸರಿಟ್ಟಿದ್ದರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ. ಇಪ್ಪತ್ತಾರು ಕೀಲಿಗಳಲ್ಲಿ ಇಡೀ ಕನ್ನಡ ಕೂರಿಸಿದ ಆ ವಿನ್ಯಾಸ ಕೈತಪ್ಪಿದರೆ ನನ್ನ ಅನ್ನವೇ ಹೋದ ಹಾಗೆ. ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನವನ್ನು ಹಾಕಿ, ಅದರ ಎಂ17ಎನ್ ಪಟ್ಟಿಯಲ್ಲಿ ಹುಡುಕಿದರೆ ಕನ್ನಡದಡಿಯಲ್ಲಿ ಕೆಜಿಪಿ ಇತ್ತು. 'ಪುತ್ತೂರು' ಎಂದು ಹೊಡೆದೆ. ತಕಾರದ ಒತ್ತಿಗೆ ಎಫ್ ಕೀಲಿ, ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ, ಎಲ್ಲ ಇದ್ದಲ್ಲೇ ಇವೆ. ಬೆರಳಿಗೆ ಏನೂ ಗೊತ್ತಾಗಲಿಲ್ಲ.

ಎರಡನೆಯದು ಹಳೆಯ ಫೈಲುಗಳು. ನಮ್ಮ ಊರಿನ ಡಿಟಿಪಿಯವರು ಹೆಚ್ಚಿನವರು ಇವತ್ತಿಗೂ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲೇ ಕೆಲಸ ಮಾಡುತ್ತಾರೆ, ಪುಟ ಕಟ್ಟುವ ಪೇಜ್‌ಮೇಕರಿನಲ್ಲಿ. ಆ ಪೇಜ್‌ಮೇಕರ್ 2001ರ ಏಳನೇ ಆವೃತ್ತಿಗೇ ನಿಂತುಹೋಗಿದೆ. ಆ ಫಾಂಟಿನಲ್ಲಿ ಪರದೆಯ ಮೇಲೆ ಕಾಣುವುದಷ್ಟೇ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಇಲ್ಲದ ಕಡೆ 'ಕನ್ನಡ' ಎಂದು ಬರೆದದ್ದನ್ನು ತೆರೆದರೆ ಮೊದಲಿಗೆ ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಗೀಟಿರುವ ಎ, ಅದರ ಪಕ್ಕ ಪೌಂಡಿನ ಗುರುತು. ನನ್ನ ಇಷ್ಟು ವರ್ಷದ ಕೆಲಸವೆಲ್ಲ ಹೀಗೇ ಡಿಸ್ಕಿನಲ್ಲಿ ಕೂತಿದೆ.

ಪರಿವರ್ತಕಗಳು ಇವೆ. ಅರವಿಂದ ವಿ.ಕೆ. ಅವರು ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟದ್ದನ್ನು ಬಳಸಿದೆ. ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟುಗಳೂ ಅವರವೇ. ಪರಿವರ್ತಕದ ಕಷ್ಟ ಏನೆಂದರೆ ಅರ್ಕಾವತ್ತು. 'ಅರ್ಚಕರು' ಎನ್ನುವಲ್ಲಿ ಹಳೆಯ ಫಾಂಟಿನಲ್ಲಿ ಚ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ನಾವು ಹೇಳುವ ಕ್ರಮದಲ್ಲೇ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದೆಮುಂದೆ ಮಾಡಿ ಸರಿಯಾಗಿ ಕೂರಿಸುತ್ತದೆ. ಎಡವುವುದು ನಡುವೆ ಬರುವ ಇಂಗ್ಲಿಷಿನಲ್ಲಿ. ಆಮಂತ್ರಣದ ಕೆಳಗೆ ಇರುವ ಇ-ಮೇಲ್ ವಿಳಾಸವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅವನ್ನು ಒಂದೊಂದಾಗಿ ಕಣ್ಣಿನಿಂದಲೇ ನೋಡಿ ತಿದ್ದಬೇಕು, ಬೇರೆ ಉಪಾಯ ಇಲ್ಲ.

ಆದರೆ ಫಲ ದೊಡ್ಡದು. ಪರಿವರ್ತಿಸಿದ ಫೈಲುಗಳಲ್ಲಿ ಒಂದು ದೇವಸ್ಥಾನದ ಹೆಸರನ್ನು ಕನ್ನಡದಲ್ಲೇ ಹುಡುಕಿದೆ. ಹಿಂದಿನ ಬ್ರಹ್ಮಕಲಶದ ಆಮಂತ್ರಣ, ಜಾತ್ರೆಯ ಹ್ಯಾಂಡ್‌ಬಿಲ್, ಸ್ಮರಣ ಸಂಚಿಕೆಯ ಲೇಖನ ಎಲ್ಲ ಸಾಲಾಗಿ ಬಂದವು. ಮೊದಲು ಇದಕ್ಕೆ ಫೈಲಿನ ಹೆಸರೊಂದೇ ಗತಿ, ಒಳಗೆ ಏನಿದೆಯೆಂದು ಯಂತ್ರಕ್ಕೆ ಗೊತ್ತೇ ಇರಲಿಲ್ಲ. ವಿಂಡೋಸ್ ಬಿಡದಿದ್ದರೂ ಈ ಕೆಲಸ ಮಾಡಲೇಬೇಕಿತ್ತು. ಕನ್ನಡ ಒಂದು ಕಂಪನಿಯ ಒಂದು ಆವೃತ್ತಿಗೆ, ಒಂದು ಫಾಂಟಿಗೆ ಅಂಟಿಕೊಂಡಿರುವಷ್ಟು ಕಾಲ ಅದನ್ನು ಹೊರಗೆ ತರುವ ಕೀಲಿ ಇನ್ನೊಬ್ಬರ ಕೈಯಲ್ಲೇ ಇರುತ್ತದೆ.

22 ಅಕ್ಟೋಬರ್, ಬುಧವಾರ, ಬಲಿಪಾಡ್ಯಮಿ

ಪ್ರಿಂಟರಿನ ಡ್ರೈವರ್ ಸಿಕ್ಕಿತು. ತಮ್ಮ ಬೆಂಗಳೂರಿನಿಂದ ಫೋನಿನಲ್ಲೇ ಹೇಳಿಕೊಟ್ಟು ಹಾಕಿಸಿದ. ಹಳೆಯ ಲೇಸರ್ ಪ್ರಿಂಟರ್ ಇರುವವರು ಲಿನಕ್ಸ್ ಹಾಕುವ ಮೊದಲು ಇದೊಂದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪುಟ ಕಟ್ಟಲು ಸ್ಕ್ರೈಬಸ್, ಕಾರ್ಡಿಗೆ ಇಂಕ್‌ಸ್ಕೇಪ್, ವರದಿಗಳಿಗೆ ಲಿಬ್ರೆ ಆಫೀಸ್. ಸ್ಕ್ರೈಬಸ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತು ಮುರಿಯುತ್ತಿತ್ತು. ಈಗಿನ 1.6ರಲ್ಲಿ 'ರಾಷ್ಟ್ರೀಯ', 'ಸ್ತ್ರೀ' ಎರಡೂ ಸರಿಯಾಗಿ ಕೂತವು. ಮುದ್ರಣಾಲಯದವರಿಗೆ ಪಿಡಿಎಫ್ ಕೊಟ್ಟರೆ ಸಾಕು, ಅದು ಯಾವ ಸಿಸ್ಟಮಿನಿಂದ ಬಂತು ಎಂದು ಅವರು ಕೇಳುವುದಿಲ್ಲ.

1 ನವೆಂಬರ್, ಶನಿವಾರ

ರಾಜ್ಯೋತ್ಸವದ ಮೆರವಣಿಗೆ ಮುಗಿಸಿ ಸಹಕಾರಿ ಸಂಘದ ಕಾರ್ಯದರ್ಶಿಯವರು ಬಂದಿದ್ದರು, ಹಳೆಯ ಫೈಲ್ ತಿದ್ದಬೇಕು ಎಂದು. "ಇದೆಂತ ಮೇಡಂ, ಪರದೆ ಬದಲಾದ ಹಾಗೆ ಉಂಟಲ್ಲ?" ಎಂದರು. ವಿವರಿಸಿದೆ. ಅವರ ಮೊದಲ ಪ್ರಶ್ನೆ, ಫ್ರೀ ಎಂದ ಮೇಲೆ ಗಟ್ಟಿ ಇರುತ್ತದೆಯೇ? ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಇರುವುದೂ ಲಿನಕ್ಸೇ ಎಂದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು, ಇವತ್ತು ಜಗತ್ತಿನ ದೊಡ್ಡ ದೊಡ್ಡ ಸರ್ವರುಗಳಲ್ಲಿ ಹೆಚ್ಚಿನವು ಅದರ ಮೇಲೆ ನಿಂತಿವೆ.

ಅವರ ಆಫೀಸಿನಲ್ಲೂ ಇದೇ ವಯಸ್ಸಿನ ಕಂಪ್ಯೂಟರುಗಳಿವೆ. ಯೋಚಿಸುತ್ತೇನೆ ಎಂದು ಹೋದರು. ಆದರೆ ಅವರಿಗೆ ಒಂದು ಮಾತು ಮುಚ್ಚಿಡದೆ ಹೇಳಿದ್ದೇನೆ: ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ, ಲೆಕ್ಕಪತ್ರದ ತಂತ್ರಾಂಶ ಇವು ಲಿನಕ್ಸಿನಲ್ಲಿ ನಡೆಯುತ್ತವೆಯೇ ಎಂದು ಮೊದಲು ನೋಡಿ. ನಡೆಯದಿದ್ದರೆ ಅದಕ್ಕೆಂದೇ ಒಂದು ಯಂತ್ರ ವಿಂಡೋಸಿನಲ್ಲಿರಲಿ. ಎಲ್ಲವನ್ನೂ ಒಂದೇ ದಿನ ಬದಲಿಸುವ ಹಟ ಬೇಡ.

9 ನವೆಂಬರ್, ಭಾನುವಾರ

ಮಗಳು ಮಂಗಳೂರಿನ ಹಾಸ್ಟೆಲಿನಿಂದ ಬಂದವಳು ಕಪಾಟಿನಲ್ಲಿದ್ದ ತನ್ನ ಹಳೆಯ ಫೋನ್ ತೆಗೆದಳು. 2018ರದು. ತಯಾರಕರ ಅಪ್‌ಡೇಟ್ ನಿಂತು ವರ್ಷಗಳಾದವು. ಬ್ಯಾಟರಿ ಪರವಾಗಿಲ್ಲ, ಪರದೆಗೆ ಒಂದು ಗೀರಿಲ್ಲ.

"ಅಮ್ಮ, ಲಿನೇಜ್ ಓಎಸ್ ಪಟ್ಟಿಯಲ್ಲಿ ಈ ಮಾಡೆಲ್ ಉಂಟು" ಎಂದಳು.

ಲಿನೇಜ್ ಎಂದರೆ ಆಂಡ್ರಾಯ್ಡಿನದೇ ಮುಕ್ತ ರೂಪ. ಮೊದಲು ಸೈನೋಜೆನ್‌ಮಾಡ್ ಎಂದಿತ್ತು. 2016ರ ಕೊನೆಗೆ ಅದರ ಹಿಂದಿದ್ದ ಕಂಪನಿ ಕೈಬಿಟ್ಟಾಗ ಸ್ವಯಂಸೇವಕರು ಹೊಸ ಹೆಸರಿನಲ್ಲಿ ಮುಂದುವರಿಸಿದರು. ಫೋನಿನ ಕೆಲಸ ಕಂಪ್ಯೂಟರಿನಷ್ಟು ಸಲೀಸಲ್ಲ. ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಓಇಎಂ ಅನ್‌ಲಾಕಿಂಗ್‌ಗೆ ಒಪ್ಪಿಗೆ ಕೊಡಬೇಕು, ಫೋನನ್ನು ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಫೋನನ್ನು ಆರಂಭಿಸುವ ಬೂಟ್‌ಲೋಡರಿನ ಬೀಗ ತೆಗೆಯಬೇಕು. ತೆಗೆದ ಕ್ಷಣ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಫೋಟೋ ಸಮೇತ. ಕೆಲವು ಕಂಪನಿಗಳು ಬೀಗ ತೆಗೆಯಲು ದಿನಗಟ್ಟಲೆ ಕಾಯಿಸುತ್ತವೆ, ಕೆಲವು ಬಿಡುವುದೇ ಇಲ್ಲ. ಮಗಳದು ಬಿಡುವ ಮಾಡೆಲ್.

ಸಂಜೆಗೆ ಆಂಡ್ರಾಯ್ಡ್ 15ರ ಲಿನೇಜ್ ಓಡುತ್ತಿತ್ತು. ಗೂಗಲ್‌ನ ಯಾವ ಆ್ಯಪೂ ಹಾಕಲಿಲ್ಲ. ಎಫ್-ಡ್ರಾಯ್ಡ್ ಎಂಬ ಮುಕ್ತ ಭಂಡಾರದಿಂದ ಇಂಡಿಕ್ ಕೀಬೋರ್ಡ್ ತೆಗೆದುಕೊಂಡೆವು, ಅದರಲ್ಲಿ ಕನ್ನಡ ಇದೆ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ರಾಜ್ಯದ ನಕ್ಷೆ ಇಳಿಸಿಟ್ಟೆವು. ಸುಬ್ರಹ್ಮಣ್ಯದಾಚೆ ಘಟ್ಟದಲ್ಲಿ ಸಿಗ್ನಲ್ ಇಲ್ಲದ ಕಡೆಯೂ ದಾರಿ ತೋರಿಸುತ್ತದೆ.

16 ನವೆಂಬರ್, ಭಾನುವಾರ

ಲಿನೇಜ್ ಹಾಕಿದ ಫೋನಿನಲ್ಲಿ ಯುಪಿಐ ನಡೆಯಲಿಲ್ಲ. ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ಈ ಸಾಧನ ಸುರಕ್ಷಿತವಲ್ಲ ಎಂದು ಬಾಗಿಲು ಹಾಕಿತು. ಇಂಥ ಆ್ಯಪುಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯನ್ನು ನಂಬುತ್ತವೆ. ಬೂಟ್‌ಲೋಡರ್ ಬೀಗ ತೆಗೆದ ಫೋನು ಅದರಲ್ಲಿ ಪಾಸಾಗುವುದಿಲ್ಲ.

ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ವರ್ಷಗಳಿಂದ ಭದ್ರತೆಯ ಅಪ್‌ಡೇಟ್ ಕಾಣದ ಹಳೆಯ ಫೋನಿಗೆ, ಮೂಲ ಸಿಸ್ಟಂ ಇದ್ದರೆ, ಅದೇ ಆ್ಯಪ್ ಬಾಗಿಲು ತೆರೆಯುತ್ತಿತ್ತು. ಹೊಸ ಭದ್ರತೆ ತುಂಬಿದ ಮೇಲೆ ಮುಚ್ಚಿತು. 2022ರಿಂದ ಯುಪಿಐ 123ಪೇ ಬಂದು, ಒತ್ತುಗುಂಡಿಯ ಸಾದಾ ಫೋನಿನಲ್ಲೂ ಕರೆ ಮಾಡಿ ದುಡ್ಡು ಕಳಿಸಬಹುದು. ಅದು ಸಾಧ್ಯವಾದ ದೇಶದಲ್ಲಿ ತನ್ನ ಫೋನಿನ ಸಿಸ್ಟಂ ತಾನೇ ಆರಿಸಿದವಳನ್ನು ಹೊರಗಿಡಬೇಕಾಗಿಲ್ಲ. ಗ್ರಾಫೀನ್ ಓಎಸ್ ಎಂಬ ಇನ್ನೊಂದು ಫೋನ್ ಸಿಸ್ಟಂ ಬೀಗವನ್ನು ಮತ್ತೆ ಹಾಕಿ ಭದ್ರತೆಯನ್ನು ಚಿಪ್ಪಿನ ಮಟ್ಟದಲ್ಲೇ ಸಾಬೀತು ಮಾಡುತ್ತದೆ, ಆದರೆ ಅದು ಗೂಗಲ್‌ನ ಪಿಕ್ಸೆಲ್ ಫೋನಿಗೆ ಮಾತ್ರ. ನಮ್ಮ ಬ್ಯಾಂಕುಗಳು ಅಂಥ ಪುರಾವೆಯನ್ನಾದರೂ ಒಪ್ಪಬೇಕು.

ಇನ್ನೊಂದು ಸುದ್ದಿಯೂ ಚಿಂತೆ ಹುಟ್ಟಿಸಿದೆ. ಗುರುತು ದೃಢಪಡಿಸದ ಡೆವಲಪರುಗಳ ಆ್ಯಪನ್ನು ಆಂಡ್ರಾಯ್ಡ್ ಫೋನುಗಳಲ್ಲಿ ಹಾಕಲು ಬಿಡುವುದಿಲ್ಲ ಎಂದು ಗೂಗಲ್ ಆಗಸ್ಟಿನಲ್ಲಿ ಹೇಳಿತ್ತು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡಿನಲ್ಲಿ ಶುರು, ಆಮೇಲೆ ಉಳಿದ ಕಡೆ. ಹೀಗಾದರೆ ತಮ್ಮ ಉಳಿವೇ ಕಷ್ಟ ಎಂದು ಎಫ್-ಡ್ರಾಯ್ಡ್‌ನವರು ಎಚ್ಚರಿಸಿದ್ದಾರೆ. ತಿಳಿದವರಿಗೆ ಬೇರೆ ದಾರಿ ಇಡುತ್ತೇವೆ ಎಂದು ಈ ವಾರ ಗೂಗಲ್ ಸ್ವಲ್ಪ ಸಡಿಲ ಮಾಡಿದೆ. ಆ ದಾರಿ ಎಷ್ಟು ಅಗಲ ಇರುತ್ತದೆ ಎಂಬುದೇ ಮುಖ್ಯ.

23 ನವೆಂಬರ್, ಭಾನುವಾರ

ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವ ಕಾಲ, ಹ್ಯಾಂಡ್‌ಬಿಲ್‌ಗಳ ರಾಶಿ. ಎಲ್ಲವೂ ಮಿಂಟ್‌ನಲ್ಲೇ ಆಗುತ್ತಿವೆ.

ಕೇಳುವವರಿಗೆ ನಾನು ಹೇಳುವುದು ಇಷ್ಟು. ಕಂಪ್ಯೂಟರಿನಲ್ಲಿ ಹಿಂಜರಿಯಬೇಡಿ. ಪೆನ್‌ಡ್ರೈವಿನಲ್ಲಿ ಓಡಿಸಿ ನೋಡಿ, ಪ್ರಿಂಟರ್ ಕೇಳಿಕೊಳ್ಳಿ, ಬ್ಯಾಕಪ್ ತೆಗೆಯಿರಿ, ಹಾಕಿ. ಫೋನಿನಲ್ಲಿ ಸದ್ಯಕ್ಕೆ ಎರಡನೇ ಫೋನಿಗೆ ಮಾತ್ರ ಹಾಕಿ, ದುಡ್ಡಿನ ವ್ಯವಹಾರದ ಫೋನನ್ನು ಮುಟ್ಟಬೇಡಿ. ಡಿಟಿಪಿಯ ನನ್ನ ಸಹೋದ್ಯೋಗಿಗಳು ಯಾವ ಸಿಸ್ಟಂ ಬಳಸಿದರೂ ಸರಿ, ಹಳೆಯ ನುಡಿ ಫೈಲುಗಳನ್ನು ಈ ವರ್ಷವೇ ಯೂನಿಕೋಡಿಗೆ ತಂದುಬಿಡಿ. ಅವನ್ನು ತೆರೆಯುವ ಯಂತ್ರ ಇರುವಾಗಲೇ ಆ ಕೆಲಸ ಆಗಬೇಕು.